ಅರ್ಧ ಸೆಂಟಿಮೀಟರಿನ ಗಾಂಧಾರ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ರಸಮಂಜರಿ ತಂಡಗಳಲ್ಲಿ, ಭಜನಾ ಮಂಡಳಿಗಳಲ್ಲಿ ನುಡಿಸುವ, ಈಚೆಗೆ ಫ್ರೆಟ್‌ಲೆಸ್ ಬೇಸ್ ಕೊಂಡಿರುವ ಮತ್ತು ಕೊಳ್ಳಲು ದುಡ್ಡು ಕೂಡಿಡುತ್ತಿರುವ ಎಲ್ಲರಿಗೂ ಒಂದು ಬಹಿರಂಗ ಪತ್ರ

ಗೆಳೆಯರೇ,

ಹೋದ ತಿಂಗಳು ಸಂಡೂರಿನಲ್ಲೊಂದು ಆರತಕ್ಷತೆ. ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದೆ. ನಿಮ್ಮಲ್ಲೊಬ್ಬ ವೇದಿಕೆಯ ಹಿಂದಕ್ಕೆ ಬಂದು ಹೆಗಲ ಮೇಲಿನ ಉದ್ದ ಚೀಲ ಇಳಿಸಿದ. "ಅಣ್ಣಾ, ಹಾಡು ಗೊತ್ತೈತಿ, ಬೆರಳು ಎಲ್ಲಿಡಬೇಕಂತಾನೂ ಗೊತ್ತೈತಿ. ಆದ್ರೂ ಅಪಸ್ವರ. ವಾಪಸ್ ಕಳಸಾಕ ಇನ್ನೂ ನಾಕು ದಿನ ಟೈಮೈತಿ. ಕಳಿಸಿಬಿಡ್ಲಾ?" ಅಂದ. ನಮ್ಮ ಗಾಡಿ ಹೊರಡುವ ಹೊತ್ತು. ಏನೋ ಸಮಾಧಾನ ಹೇಳಿ ಬಂದುಬಿಟ್ಟೆ. ಆಮೇಲೆ ಕಂಪ್ಲಿಯ ಇಬ್ಬರು, ಹೊಸಪೇಟೆಯ ಒಬ್ಬಳು ಅದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದರು. ಅದಕ್ಕೇ ಈ ಕಾಗದ.

ವಾಪಸ್ ಕಳಿಸಬೇಡಿ. ವಾದ್ಯ ಕೆಟ್ಟಿಲ್ಲ, ನಿಮ್ಮ ಕಿವಿಯೂ ಕೆಟ್ಟಿಲ್ಲ. ಅಪಸ್ವರ ಅಂತ ಕೇಳಿಸುತ್ತಿದೆಯಲ್ಲ, ಅಷ್ಟಾದರೆ ಅರ್ಧ ಕೆಲಸ ಆಗಿದೆ. ಕೇಳಿಸದೇ ಇದ್ದವನು ವಾಪಸ್ ಕಳಿಸುವ ಮಾತೇ ಆಡುವುದಿಲ್ಲ, ಸೀದಾ ಸ್ಟೇಜ್ ಹತ್ತುತ್ತಾನೆ.

ನನ್ನ ಕಥೆ ನಿಮಗೆ ಗೊತ್ತು. ಇಪ್ಪತ್ತೆರಡು ವರ್ಷ ಕೀಬೋರ್ಡಿನ ಎಡಗೈಯಲ್ಲೇ ಬೇಸ್ ನುಡಿಸಿದವನು. ನಮ್ಮ ತಂಡಗಳಲ್ಲಿ ಬೇಸ್‌ಗೆ ಬೇರೆ ಆಳು ಇಟ್ಟುಕೊಳ್ಳುವ ಕಾಲ ಹೋಗಿ ಎಷ್ಟೋ ದಿನವಾಯಿತು. ಗಣಪತಿ ಹಬ್ಬಕ್ಕೆ ಕೊಡುವ ಸಂಭಾವನೆಯಲ್ಲಿ ಗಾಯಕರು, ರಿದಂ ಪ್ಯಾಡ್, ಕೀಬೋರ್ಡ್, ಸೌಂಡಿನವರು ಅಂತ ಹಂಚಿದರೆ ಐದನೆಯವನ ಪಾಲಿಗೆ ಉಳಿಯುವುದು ಮಿರ್ಚಿ ಮಂಡಕ್ಕಿ. ಈಗಂತೂ ಅರ್ಧ ಕಾರ್ಯಕ್ರಮ ಟ್ರ್ಯಾಕ್ ಮೇಲೆಯೇ ನಡೆಯುತ್ತೆ. ಆದರೆ 'ಗೀತಾ' ಚಿತ್ರದ ಹಾಡು ಬಂದಾಗಲೆಲ್ಲ ನನ್ನ ಎಡಗೈಗೆ ನಾಚಿಕೆಯಾಗುತ್ತಿತ್ತು. 1981ರಲ್ಲಿ ಇಳಯರಾಜಾ ಆ ಹಾಡುಗಳಲ್ಲಿ ಬೇಸಿಗೆ ಕೊಟ್ಟ ಮಾತನ್ನು ನಾಲ್ಕು ಬೆರಳಲ್ಲಿ ಗುಂಡಿ ಒತ್ತಿ ಮುಗಿಸುವುದು ಊಟಕ್ಕೆ ಕರೆದು ತಟ್ಟೆ ಮಾತ್ರ ಇಟ್ಟ ಹಾಗೆ.

ಕೊನೆಗೆ 2024ರ ಆಗಸ್ಟಿನಲ್ಲಿ ಬೆಂಗಳೂರಿಗೆ ಹೋಗಿ ಫ್ರೆಟ್‌ಲೆಸ್ ಬೇಸ್ ಕೊಂಡು, ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಅದನ್ನು ಮಲಗಿಸಿ, ನಾನು ಕಾಲು ಮುದುರಿಕೊಂಡು ಹೊಸಪೇಟೆಗೆ ಬಂದೆ. ಟಿ.ಬಿ. ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದ ವಾರ ಅದು. ಊರಿಗೆ ಊರೇ ಡ್ಯಾಮಿನ ಕಡೆ ಮುಖ ಮಾಡಿತ್ತು. ನನ್ನ ಹೊಸ ಬೇಸನ್ನು ಕೇಳುವವರಿಲ್ಲ. ನಮ್ಮ ರಿದಂ ಪ್ಯಾಡಿನವನೊಬ್ಬ ಬಂದು, ಕತ್ತಿನ ಮೇಲೆ ಬೆರಳು ಸವರಿ, "ಏನಣ್ಣಾ, ಇದಕ್ಕ ಮೆಟ್ಟು ಹಾಕೋದ ಮರ್ತಾರಲ್ಲ!" ಅಂದ.

ಮರೆತಿಲ್ಲ, ಹಾಕಿದ್ದನ್ನು ತೆಗೆದಿದ್ದಾರೆ. ಮೊದಲಿದ್ದದ್ದು ಆಳೆತ್ತರದ ಡಬಲ್ ಬೇಸ್, ಪಿಟೀಲಿನ ಹಾಗೆ ಮೆಟ್ಟಿಲ್ಲದ್ದು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಅದನ್ನು ಗಿಟಾರಿನ ಹಾಗೆ ಅಡ್ಡ ಮಲಗಿಸಿ, ಕತ್ತಿಗೆ ಲೋಹದ ಫ್ರೆಟ್, ಅಂದರೆ ಮೆಟ್ಟು, ಕೂರಿಸಿ, ಸ್ವರ ಕರಾರುವಾಕ್ಕಾಗಿ ಬೀಳುತ್ತೆ ಅಂತ 'ಪ್ರಿಸಿಷನ್' ಎಂದೇ ಹೆಸರಿಟ್ಟ. ಹದಿನೈದು ವರ್ಷ ತುಂಬುವ ಹೊತ್ತಿಗೆ ಜನಕ್ಕೆ ಕರಾರು ಸಾಕಾಯಿತು. 1966ರಲ್ಲಿ ಆಂಪೆಗ್ ಕಂಪನಿ ಫ್ರೆಟ್ ಇಲ್ಲದ ಎಲೆಕ್ಟ್ರಿಕ್ ಬೇಸ್ ತಂದಿತು, 1970ರಲ್ಲಿ ಫೆಂಡರ್ ಕಂಪನಿಯೇ ತಂದಿತು. ಜಾಕೋ ಪಾಸ್ಟೋರಿಯಸ್ ಎಂಬ ಫ್ಲಾರಿಡಾದ ಹುಡುಗ ಫ್ರೆಟ್ ಕಿತ್ತ ತನ್ನ 1962ರ ಜಾಜ್ ಬೇಸಿನ ಬಿರುಕಿಗೆ ಮರದ ಲಪ್ಪ ತುಂಬಿ, ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದ. ನಮ್ಮವರು ಹರಿಗೋಲಿಗೆ ಟಾರು ಬಳಿಯುವುದಿಲ್ಲವೇ, ಅದೇ ಜಾತಿಯ ಬುದ್ಧಿ. 1976ರಲ್ಲಿ ಅವನ ಮೊದಲ ಆಲ್ಬಂ ಬಂದ ಮೇಲೆ ಬೇಸ್ ಅಂದರೆ ಹಿಂದೆ ನಿಂತು ದುಂ ದುಂ ಅನ್ನುವುದು ಮಾತ್ರ ಎನ್ನುವ ಮಾತು ನಿಂತಿತು.

ನೀವು ಮಾತ್ರ ದಯವಿಟ್ಟು ಮನೆಯಲ್ಲಿರುವ ಹಳೆಯ ಗಿಟಾರಿನ ಮೇಲೆ ಇಕ್ಕಳ ಹಿಡಿದು ಹೋಗಬೇಡಿ.

ಈಗ ಚೀಲ ಬಿಚ್ಚಿದ ಮೊದಲ ದಿನ. ಗಿಟಾರ್ ನುಡಿಸಿ ಬಂದವರೆಲ್ಲ ಮಾಡುವ ತಪ್ಪು ಒಂದೇ. ಗಿಟಾರಿನಲ್ಲಿ ಬೆರಳನ್ನು ಫ್ರೆಟ್ಟಿನ ಹಿಂದೆ ಇಡುತ್ತೇವೆ, ತಂತಿಯನ್ನು ಹಿಡಿದು ನಿಲ್ಲಿಸುವುದು ಲೋಹದ ಪಟ್ಟಿ. ಇಲ್ಲಿ ನಿಲ್ಲಿಸುವುದು ನಿಮ್ಮ ಬೆರಳೇ. ಆದ್ದರಿಂದ ಫ್ರೆಟ್ಟಿನ ಜಾಗದಲ್ಲಿ ಗೆರೆ ಎಳೆದಿದ್ದರೆ ಬೆರಳ ತುದಿಯ ನಡು ಸರಿಯಾಗಿ ಗೆರೆಯ ಮೇಲೆಯೇ ಕೂರಬೇಕು. ಹಿಂದೆ ಇಟ್ಟಿರೋ, ಸ್ವರ ಇಳಿಯಿತು. ಆ ಸಂಡೂರಿನ ಹುಡುಗನಿಗೆ ಆಗಿದ್ದು ಇಷ್ಟೇ. ಎಲ್ಲ ಸ್ವರವನ್ನೂ ಒಂದೇ ಅಳತೆಯಲ್ಲಿ ಕೆಳಗೆ ನುಡಿಸುತ್ತಿದ್ದ, ಶಿಸ್ತಾಗಿ.

ಗೆರೆ ಇಲ್ಲದ್ದನ್ನು ಕೊಂಡವರಿಗೆ ಕತ್ತಿನ ಪಕ್ಕದ ಚುಕ್ಕೆಗಳೇ ಗತಿ. ಅವುಗಳಲ್ಲಿ ಎರಡು ಮತ. ಕೆಲವು ಬೇಸುಗಳಲ್ಲಿ ಚುಕ್ಕೆ ಗೆರೆ ಇರಬೇಕಾದ ಜಾಗದಲ್ಲೇ ಇರುತ್ತದೆ, ಕೆಲವುಗಳಲ್ಲಿ ಎರಡು ಗೆರೆಗಳ ನಡುವೆ. ನಿಮ್ಮದು ಯಾವ ಮತ ಎಂದು ಪತ್ತೆ ಮಾಡುವುದು ಸುಲಭ. ಜೋಡಿ ಚುಕ್ಕೆಯ ಹತ್ತಿರ ತಂತಿಯನ್ನು ಒತ್ತದೆ, ಬೆರಳು ಸುಮ್ಮನೆ ತಾಗಿಸಿ ಮೀಟಿ. ಗಂಟೆಯಂತೆ ಒಂದು ತೆಳುವಾದ ಸ್ವರ ಎಲ್ಲಿ ಚೆನ್ನಾಗಿ ಮೊಳಗುತ್ತದೋ ಅದು ತಂತಿಯ ನಟ್ಟ ನಡುವು, ಮೇಲಿನ ಷಡ್ಜ. ಚುಕ್ಕೆ ಅಲ್ಲೇ ಇದೆಯೋ, ಆಚೀಚೆ ಇದೆಯೋ ನೋಡಿಕೊಳ್ಳಿ. ಇನ್ನೊಂದು ಮೋಸ ಕಣ್ಣಿನದು. ಬೇಸ್ ಹೆಗಲಿಗೆ ಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡಿದರೆ ಗೆರೆ ಇದ್ದಲ್ಲಿ ಇರುವಂತೆ ಕಾಣುವುದಿಲ್ಲ, ಓರೆಯಾಗಿ ಸರಿಯುತ್ತದೆ. ಅಂಗಡಿಯ ತಕ್ಕಡಿಯ ಮುಳ್ಳನ್ನು ಪಕ್ಕದಿಂದ ನೋಡಿದ ಹಾಗೆ.

ಹೀಗಾಗಿ ಕಣ್ಣನ್ನು ನಂಬದೆ ಕಲಿಯುವ ದಾರಿ ಬೇಕು. ಆ ದಾರಿ ನಿಮಗೆ ಆಗಲೇ ಗೊತ್ತು, ಬೇಸಿಗೆ ಅದು ಒಗ್ಗುತ್ತದೆ ಅಂತ ಯಾರೂ ಹೇಳಿರಲಿಲ್ಲ ಅಷ್ಟೆ.

ಶ್ರುತಿಯನ್ನು ಬಿಳಿ ಎರಡಕ್ಕೆ ಇಡಿ, ಅಂದರೆ ಡಿ. ಬೇಸಿನ ನಾಲ್ಕು ತಂತಿ ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಡಿಯನ್ನು ಷಡ್ಜ ಅಂದುಕೊಂಡರೆ ಏನೂ ಒತ್ತದೆಯೇ ನಾಲ್ಕು ತಂತಿಗಳು ಚತುಶ್ರುತಿ ರಿ, ಪ, ಸ, ಮ ಎಂದು ಹೇಳುತ್ತವೆ. ಅರ್ಧ ಸಪ್ತಕ ಕೈಯಲ್ಲಿ ಪುಕ್ಕಟೆ! ಫೋನಿನಲ್ಲಿ ತಂಬೂರಿ ಹಾಕಿ, ಆದರೆ ಫೋನಿನ ಸ್ಪೀಕರಿನಲ್ಲಿ ಅಲ್ಲ, ಒಂದು ದೊಡ್ಡ ಸ್ಪೀಕರ್ ಡಬ್ಬದಲ್ಲಿ, ಬೇಸನ್ನೂ ಅದರಲ್ಲೇ. ಇ ತಂತಿ ಸೆಕೆಂಡಿಗೆ ನಲವತ್ತೊಂದು ಸಲ ನಡುಗುತ್ತದೆ, ಗಾಳಿಯಲ್ಲಿ ಅದರ ಒಂದೊಂದು ಅಲೆ ಎಂಟು ಮೀಟರಿಗೂ ಉದ್ದ. ಉಗುರಿನಷ್ಟು ಸ್ಪೀಕರ್ ಅದನ್ನು ಎಲ್ಲಿಂದ ತರಬೇಕು? ಸಣ್ಣ ಸ್ಪೀಕರಿನಲ್ಲಿ ಬೇಸ್ ಅಭ್ಯಾಸ ಮಾಡುವವರು ಕೇಳುವುದು ಬೇಸನ್ನಲ್ಲ, ಅದರ ನೆರಳನ್ನು.

ಆಮೇಲೆ ಮಾಯಾಮಾಳವಗೌಳದಲ್ಲಿ ಸರಳೆ ವರಸೆ. ನಗಬೇಡಿ. ಬೇಸ್ ಕೊಂಡಿದ್ದು ಸರಳೆ ನುಡಿಸಲಿಕ್ಕಾ ಎಂದು ಕೇಳುತ್ತೀರಿ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಪ್ರದಾಯ ಹೇಳುತ್ತದೆ. ಅವರ ಹೆಸರಿನ ಮಂಟಪ ಹಂಪಿಯಲ್ಲಿ ವಿಠ್ಠಲ ದೇವಾಲಯದ ಹತ್ತಿರ ಹೊಳೆಯ ದಡದಲ್ಲಿದೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಬದ ತುದಿವರೆಗೂ ಮುಳುಗಿ, ನೀರು ಇಳಿದ ಮೇಲೆ ಮತ್ತೆ ಮೈ ಒಣಗಿಸಿಕೊಂಡು ನಿಲ್ಲುತ್ತದೆ. ಐದುನೂರು ವರ್ಷ ಮಕ್ಕಳ ಗಂಟಲನ್ನು ಶ್ರುತಿಗೆ ತಂದ ಪಾಠ ನಿಮ್ಮ ಬೆರಳನ್ನೂ ತರುತ್ತದೆ. ಈ ರಾಗದಲ್ಲಿ ಸ-ರಿ, ಗ-ಮ, ಪ-ದ, ನಿ-ಸ ಜೋಡಿಗಳು ಅಂಟಿಕೊಂಡಂತೆ ಹತ್ತಿರ, ರಿ-ಗ ಮತ್ತು ದ-ನಿ ನಡುವೆ ದೊಡ್ಡ ಜಿಗಿತ. ಬೇಸಿನ ಕತ್ತಿನಲ್ಲಿ ಹತ್ತಿರವೂ ದೂರವೂ ಎಷ್ಟೆಂದು ಕೈಗೆ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಸಿಕ್ಕಿಲ್ಲ.

ಸಾಮಾನ್ಯ ಬೇಸಿನ ತಂತಿ ಕತ್ತಿನ ತುದಿಯ ನಟ್‌ನಿಂದ ಇನ್ನೊಂದು ತುದಿಯ ಕುದುರೆವರೆಗೆ 34 ಇಂಚು, ಅಂದರೆ 86 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಡಿ ತಂತಿಯಲ್ಲಿ ಶುದ್ಧ ರಿಷಭ ನಟ್‌ನಿಂದ ಐದು ಸೆಂಟಿಮೀಟರಿಗೆ ತುಸು ಒಳಗೆ. ಅಂತರ ಗಾಂಧಾರ ಹದಿನೇಳೂವರೆಯ ಆಸುಪಾಸು. ಬೆರಳನ್ನು ಅಷ್ಟು ಹಿಗ್ಗಿಸಿ ಒಂದು ಬೆರಳಿಗೆ ಒಂದು ಸ್ವರ ಎನ್ನುವ ಗಿಟಾರಿನ ಪದ್ಧತಿ ಹಿಡಿಯಬೇಡಿ, ಮಣಿಕಟ್ಟು ಹೋಗುತ್ತದೆ. ಡಬಲ್ ಬೇಸಿನವರ ಹಾಗೆ ತೋರು, ನಡು, ಕಿರು ಬೆರಳು ಬಳಸಿ, ಉಂಗುರ ಬೆರಳು ಕಿರುಬೆರಳಿಗೆ ಆಸರೆ ಕೊಡಲಿ. ದೊಡ್ಡ ಜಿಗಿತ ಬಂದಾಗ ಕೈಯನ್ನೇ ಸರಿಸಿ.

ಪ್ರತಿ ಸ್ವರವನ್ನೂ ಮೊದಲು ಬಾಯಲ್ಲಿ ಹಾಡಿ, ಆಮೇಲೆ ಬೆರಳಲ್ಲಿ ಹುಡುಕಿ. ಉಲ್ಟಾ ಮಾಡಿದರೆ ಬೆರಳು ತಪ್ಪಿದ ಕಡೆಗೆ ಗಂಟಲು ವಾಲಿ ಅದನ್ನೇ ಸರಿ ಎಂದು ಒಪ್ಪಿಕೊಳ್ಳುತ್ತದೆ. ಒಂದೊಂದು ಸ್ವರದ ಮೇಲೆ ಒಂದು ಉಸಿರಿನಷ್ಟು ನಿಲ್ಲಿ. ಬೆರಳು ಅಲ್ಲಾಡಿಸಬೇಡಿ. ಮೊದಲ ತಿಂಗಳೇ ಕಂಪನ ಹಾಕುವವರು ಅಪಸ್ವರಕ್ಕೆ ಸೆರಗು ಹೊದಿಸುತ್ತಿದ್ದಾರೆ ಎಂದೇ ಅರ್ಥ.

ಸ್ವರ ಕೂತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಎ ತಂತಿಯಲ್ಲಿ ನಟ್‌ನಿಂದ ಇಪ್ಪತ್ತೊಂದೂವರೆ ಸೆಂಟಿಮೀಟರಿನ ಬಳಿ ಒತ್ತಿ, ಅದರ ಜೊತೆಗೆ ತೆರೆದ ಡಿ ತಂತಿಯನ್ನೂ ಮೀಟಿ. ಎರಡೂ ಒಂದೇ ಷಡ್ಜ. ಬೆರಳು ತುಸು ಆಚೀಚೆ ಇದ್ದರೆ ನಾದ ಊ... ಊ... ಊ... ಎಂದು ಅಲೆಯುತ್ತದೆ. ಎರಡರ ನಡುವೆ ಸೆಕೆಂಡಿಗೆ ಒಂದು ಕಂಪನದ ವ್ಯತ್ಯಾಸವಿದ್ದರೆ ಸೆಕೆಂಡಿಗೆ ಒಂದು ಅಲೆ, ಮೂರಿದ್ದರೆ ಮೂರು. ಬೆರಳನ್ನು ಕೂದಲೆಳೆ ಹೊರಳಿಸಿ. ಅಲೆ ನಿಧಾನವಾಗುತ್ತಾ ಬಂದು ನಿಂತುಬಿಡುತ್ತದೆ. ಗಾಳಿ ನಿಂತ ಕಮಲಾಪುರದ ಕೆರೆಯ ಹಾಗೆ. ಆ ನಿಲ್ಲುವ ಗಳಿಗೆಯನ್ನು ಒಮ್ಮೆ ಕೇಳಿದರೆ ಟ್ಯೂನರಿನ ಹಸಿರು ದೀಪ ನಿಮಗೆ ಬೇಡವಾಗುತ್ತದೆ.

ಇನ್ನು ನನಗೆ ನಿದ್ದೆಗೆಡಿಸಿದ ವಿಷಯಕ್ಕೆ ಬರುತ್ತೇನೆ. ತಂತಿಯ ಐದನೇ ಒಂದು ಭಾಗದಲ್ಲಿ, ಅಂದರೆ ನಟ್‌ನಿಂದ 17.3 ಸೆಂಟಿಮೀಟರಿನಲ್ಲಿ, ಬೆರಳು ತಾಗಿಸಿ ಮೀಟಿದರೆ ಒಂದು ಎಳೆಯ ಗಾಂಧಾರ ಹುಟ್ಟುತ್ತದೆ. ಅದೇ ಜಾಗದಲ್ಲಿ ಗಟ್ಟಿಯಾಗಿ ಒತ್ತಿದರೂ ಗಾಂಧಾರವೇ, ಕೆಳ ಸ್ಥಾಯಿಯದು. ತಂಬೂರಿಯ ಜೊತೆ ಅದು ಹಾಲಿಗೆ ಸಕ್ಕರೆ ಬಿದ್ದಂತೆ ಕರಗುತ್ತದೆ. ಆದರೆ ನನ್ನ ಬೇಸಿನ ಮೇಲೆ ಕಂಪನಿಯವರು ಎಳೆದಿರುವ ಗಾಂಧಾರದ ಗೆರೆ ಇರುವುದು 17.8ರಲ್ಲಿ. ಅರ್ಧ ಸೆಂಟಿಮೀಟರಿನ ವ್ಯತ್ಯಾಸ. ಪಂಚಮದಲ್ಲಿ ಈ ಜಗಳವಿಲ್ಲ. ಮೂರನೇ ಒಂದು ಭಾಗದಲ್ಲಿ ತಾನಾಗಿ ಹುಟ್ಟುವ ಪಂಚಮಕ್ಕೂ ಗೆರೆಯ ಪಂಚಮಕ್ಕೂ ಒಂದು ಮಿಲಿಮೀಟರಿನಷ್ಟೂ ದೂರವಿಲ್ಲ. ಗಾಂಧಾರದಲ್ಲಿ ಮಾತ್ರ ಕಂದರ.

ಕಾರಣ ಸರಳ. ಗೆರೆ ಎಳೆದವರು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ, ಕೀಬೋರ್ಡಿನ ಹಾಗೆ. ಯಾವ ಶ್ರುತಿಯಿಂದ ಶುರು ಮಾಡಿದರೂ ಕೆಲಸ ನಡೆಯಬೇಕಲ್ಲ. ಆ ಅನುಕೂಲಕ್ಕೆ ಪಾಪ, ಗಾಂಧಾರ ತಲೆ ಕೊಟ್ಟಿದೆ.

ಇದು ಅಮೆರಿಕದ ತಲೆನೋವು ಅಂದುಕೊಂಡಿದ್ದೆ. ಅಲ್ಲ. 1550ರಲ್ಲಿ ನಮ್ಮದೇ ವಿಜಯನಗರದಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ, ರಾಮಾಮಾತ್ಯ 'ಸ್ವರಮೇಲಕಲಾನಿಧಿ' ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ವೀಣೆಗೇ ಒಂದು ಪ್ರಕರಣ. ಮೆಟ್ಟುಗಳನ್ನು ಎಲ್ಲಿ ಕೂರಿಸಬೇಕು ಎನ್ನುವುದೇ ಅದರ ತಿರುಳು. ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಯನ ಹೆಸರಿನಲ್ಲಿ ಅಚ್ಯುತರಾಜೇಂದ್ರಮೇಳ ವೀಣೆ ಎಂದು ವಿಂಗಡಿಸುತ್ತಾನೆ. ಮತ್ತೆ ಇನ್ನೊಂದು ಬಗೆಯ ಎರಡು ಜಾತಿ ಹೇಳುತ್ತಾನೆ: ಒಂದು ರಾಗಕ್ಕೆ ತಕ್ಕಂತೆ ಮೆಟ್ಟು ಜೋಡಿಸಿಕೊಳ್ಳುವ ಏಕರಾಗಮೇಳ ವೀಣೆ, ಎಲ್ಲ ರಾಗಗಳಿಗೂ ಒಂದೇ ಮೆಟ್ಟುಗಳನ್ನು ನಿಲ್ಲಿಸಿಬಿಡುವ ಸರ್ವರಾಗಮೇಳ ವೀಣೆ. ಸ್ವಯಂಭು ಸ್ವರ ಎಂಬ ಮಾತನ್ನೂ ಬಳಸುತ್ತಾನೆ. ತಂತಿಯೊಳಗೆ ತಾನಾಗಿ ಹುಟ್ಟುವ ಸ್ವರ ಎಂದು ಅದನ್ನು ಓದುವ ವಿದ್ವಾಂಸರಿದ್ದಾರೆ. ನಾವು ಬೆರಳು ತಾಗಿಸಿ ಹುಟ್ಟಿಸುತ್ತೇವಲ್ಲ, ಅದು. ಅವನ ಮೇಳಗಳ ಪಟ್ಟಿಯಲ್ಲಿ ಮಾಳವಗೌಳವೂ ಇದೆ. ಹದಿನೈದು ವರ್ಷದ ಮೇಲೆ, 1565ರಲ್ಲಿ, ರಾಮರಾಯನೂ ಹೋದ, ಊರೂ ಹಾಳಾಯಿತು. ಪ್ರಶ್ನೆ ಹಾಳಾಗಲಿಲ್ಲ. ಇವತ್ತಿನ ಸರಸ್ವತೀ ವೀಣೆ ಮೇಣದಲ್ಲಿ ನಿಲ್ಲಿಸಿದ ಇಪ್ಪತ್ನಾಲ್ಕು ಮೆಟ್ಟಿನದು, ಅಂದರೆ ಸರ್ವರಾಗದ ಪಕ್ಷ. ಮೆಟ್ಟಿಲ್ಲದ ನಿಮ್ಮ ಬೇಸ್ ಯಾವ ಪಕ್ಷವೂ ಅಲ್ಲ.

ಹಂಪಿಯ ಕಲ್ಲಿನ ರಥದ ಮುಂದೆ ಸೆಲ್ಫಿ ತೆಗೆಸಿಕೊಂಡು, ಸಂಗೀತದ ಕಂಬಗಳನ್ನು ಬಡಿಯಬಾರದು ಎಂದು ಕಾವಲಿನವನಿಂದ ಬೈಸಿಕೊಂಡು ಬರುವ ನಾವು, ಅದೇ ಊರಿನಲ್ಲಿ ಕೂತು ಒಬ್ಬ ಮೆಟ್ಟಿನ ಜಾಗಕ್ಕೆ ತಲೆ ಕೆಡಿಸಿಕೊಂಡಿದ್ದ ಅನ್ನುವುದನ್ನು ಒಂದು ಬೋರ್ಡಿನಲ್ಲೂ ಓದಿಲ್ಲ. ಹೋಗಲಿ ಬಿಡಿ.

ಈ ಅರ್ಧ ಸೆಂಟಿಮೀಟರಿನಲ್ಲಿ ಯಾರು ಸರಿ? ನಾನು ಮೂರು ತಿಂಗಳು ತಂಬೂರಿಯ ಜೊತೆ ಪಳಗಿ, ಸ್ವಯಂಭು ಗಾಂಧಾರ ಸಿಕ್ಕಿತು ಎಂದು ಹಿಗ್ಗಿ, ಕಂಪ್ಲಿಯ ಒಂದು ಭಜನೆಗೆ ಬೇಸ್ ಹೊತ್ತು ಹೋದೆ. ಅಲ್ಲಿ ಹಾರ್ಮೋನಿಯಂ ಹಿಡಿದ ಹಿರಿಯರು ಎಂಬತ್ತರ ಹತ್ತಿರದವರು. ಎರಡನೇ ಭಜನೆಯ ಮಧ್ಯೆ ನನ್ನ ಕಡೆ ನೋಡಿ ಹುಬ್ಬು ಗಂಟು ಹಾಕಿದರು. ಮುಗಿದ ಮೇಲೆ ಕರೆದು, "ತಮ್ಮಾ, ನಿನ್ನ ಗಾಂಧಾರ ಚೊಲೋ ಐತಿ. ಆದ್ರ ಅದು ನಿನ್ನ ಮನ್ಯಾಗ ಚೊಲೋ. ಇಲ್ಲಿ ನನ್ನ ಪೆಟಗಿ ಜೋಡಿ ಕುಂದ್ರಬೇಕು" ಅಂದರು. ಹಾರ್ಮೋನಿಯಂನ ಗಾಂಧಾರ ಸಮಪಾಲಿನದು. ಅದು ಬಗ್ಗುವುದಿಲ್ಲ. ಬಗ್ಗಬಲ್ಲದ್ದು ನನ್ನ ಕೈಯಲ್ಲಿತ್ತು, ನಾನು ಬಗ್ಗಿರಲಿಲ್ಲ. ಬಗ್ಗದ ಆ ಗುಣಕ್ಕೇ ತಾನೇ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದು. ಆದರೆ ನಮ್ಮ ಊರುಗಳ ಭಜನೆ, ಬಯಲಾಟ, ನಾಟಕ ಎಲ್ಲವನ್ನೂ ಆ ಪೆಟ್ಟಿಗೆಯೇ ಸಾಕಿದೆ. ಅದರ ಮುಂದೆ ಶಾಸ್ತ್ರ ಹೇಳುವ ಯೋಗ್ಯತೆ ನನಗಿಲ್ಲ.

ಅವತ್ತಿನಿಂದ ನನ್ನ ಬೇಸಿನಲ್ಲಿ ಗಾಂಧಾರಕ್ಕೆ ಎರಡು ಮನೆ. ತಂಬೂರಿಯೋ ಬರೀ ಕಂಠವೋ ಇದ್ದರೆ 17.3, ಹಾರ್ಮೋನಿಯಂ ಕೀಬೋರ್ಡ್ ಇದ್ದರೆ 17.8. ನಿಮಗೆ ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ಕತ್ತಿನ ಮೇಲೆ ಸರಿಯಾದ ಜಾಗ ಅಂತ ಹುಡುಕುತ್ತಾ ಕೂತರೆ ಸಿಕ್ಕುವುದಿಲ್ಲ, ಸ್ವರ ಯಾರ ಪಕ್ಕದಲ್ಲಿ ಕೂತಿದೆ ಎಂದು ಕೇಳಿಸಿಕೊಳ್ಳಿ. ಗೆರೆ ನೋಡುವವನಿಗೆ ಒಂದು ಗಾಂಧಾರ, ಗೆರೆ ನೋಡದವನಿಗೆ ಬೇಕಾದಷ್ಟು.

ಇದೇನೂ ನಮಗೆ ಹೊಸದಲ್ಲ. ಜೋಗತಿಯರ ಚೌಡಿಕೆ ನೋಡಿದ್ದೀರಲ್ಲ. ಒಂದೇ ತಂತಿ, ಒಂದು ಮೆಟ್ಟೂ ಇಲ್ಲ. ತಂತಿಯನ್ನು ಬಿಗಿ ಮಾಡಿ ಸಡಿಲ ಮಾಡಿ ಸ್ವರವನ್ನು ಹಾಡುಗಾರ್ತಿಯ ಕಂಠದ ಹಿಂದೆ ಅಟ್ಟುತ್ತಾರೆ. ನಮ್ಮ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಫ್ಲೆಕ್ಸ್ ಹಾಕಿದೆವು. ಆ ಚೌಡಿಕೆಯ ಪಕ್ಕ ಅರ್ಧ ಗಂಟೆ ಕೂತು ಕೇಳಿ. ತಂತಿ ಹೇಗೆ ಕಂಠವನ್ನು ಮೀರದೆ ಹಿಂಬಾಲಿಸುತ್ತದೆ ಎಂದು ತಿಳಿಯುತ್ತದೆ. ಬೇಸಿನವನ ಕೆಲಸವೂ ಅದೇ, ನಾಲ್ಕು ತಂತಿಯಲ್ಲಿ.

ಇನ್ನು ವಾದ್ಯದ ಮೈಗೆ ಸಂಬಂಧಿಸಿದ್ದು, ಚುಟುಕಾಗಿ.

ತಂತಿ ಕೊಳ್ಳುವಾಗ ಫ್ಲಾಟ್‌ವೌಂಡ್ ಕೇಳಿ. ಬೇಸಿನ ಜೊತೆಗೆ ಬರುವ ರೌಂಡ್‌ವೌಂಡ್ ತಂತಿಯ ಮೈ ಗರಗಸದ ಹಾಗೆ. ಫ್ರೆಟ್ ಇದ್ದರೆ ಲೋಹಕ್ಕೆ ಉಜ್ಜುತ್ತದೆ, ಇಲ್ಲಿ ನೇರ ಮರಕ್ಕೆ. ಅದರ ಹೊಳಪು ಹೆಚ್ಚು, ಮರಕ್ಕೆ ಬೀಳುವ ಗೀರೂ ಹೆಚ್ಚು. ಜಾಕೋ ಎಪಾಕ್ಸಿ ಬಳಿದದ್ದು ಅದಕ್ಕೇ. ಸಂಡೂರಿನವರಿಗೆ ಇನ್ನೊಂದು ಕಷ್ಟ ಇದೆ, ಅದಿರಿನ ಕೆಂಪು ಧೂಳು. ಒಗೆದ ಬಟ್ಟೆ, ಬೇವಿನ ಎಲೆ, ಎಮ್ಮೆಯ ಬೆನ್ನು ಯಾವುದನ್ನೂ ಬಿಡದ ಆ ಧೂಳು ತಂತಿಯ ಸುರುಳಿಯನ್ನು ಬಿಡುತ್ತದೆಯೇ? ಬೆವರಿನ ಜೊತೆ ಕೂತರೆ ತಂತಿ ಸತ್ತ ಹಾಗೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒಂದೊಂದು ತಂತಿಯನ್ನೂ ಸವರಿ, ಚೀಲಕ್ಕೆ ಹಾಕಿ ಜಿಪ್ ಎಳೆಯಿರಿ. ಮಿರ್ಚಿ ತಿಂದ ಕೈಯಲ್ಲಿ ಮುಟ್ಟಬೇಡಿ, ಇದನ್ನು ಹೊಸಪೇಟೆಯವರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ.

ಕತ್ತು ಮರದ್ದು, ಒಳಗೆ ಕಬ್ಬಿಣದ ಸರಳು. ನಮ್ಮ ಏಪ್ರಿಲ್-ಮೇ ಬಿಸಿಲಿಗೂ ಜುಲೈನ ತೇವಕ್ಕೂ ಮರ ಒಂದೇ ಸಮ ಇರುವುದಿಲ್ಲ. ಬೇಸಿಗೆಯಲ್ಲಿ ಮರ ಒಣಗಿ ಕತ್ತು ಹಿಂದಕ್ಕೆ ಬಾಗಿ ತಂತಿ ಕರಕರ ಎನ್ನಬಹುದು, ಮಳೆಗಾಲದಲ್ಲಿ ಮುಂದಕ್ಕೆ ಬಾಗಿ ತಂತಿ ಎತ್ತರವಾಗಬಹುದು. ತಂತಿಯನ್ನು ಎರಡೂ ತುದಿಯಲ್ಲಿ ಒತ್ತಿ ಹಿಡಿದು ನಡುವೆ ನೋಡಿ. ಒಂದು ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇದ್ದರೆ ಸಾಕು. ಸರಳಿನ ತಿರುಪನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ತಿರುಗಿಸಿ ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಮಧ್ಯಾಹ್ನದ ಹೊತ್ತು ಕಾರಿನೊಳಗೆ ಬೇಸ್ ಬಿಟ್ಟು ಊಟಕ್ಕೆ ಹೋಗಬೇಡಿ. ಮಗುವನ್ನು ಬಿಡುತ್ತೀರಾ?

ಆ ಹಾಡುವ ನಾದ, ಎಲ್ಲರೂ 'ಮ್ವಾ' ಎನ್ನುವುದು, ಹುಟ್ಟುವುದು ತಂತಿ ಮರದ ಮೈಯನ್ನು ಸವರಿಕೊಂಡು ನಡುಗುವಾಗ. ತಂತಿ ತಗ್ಗಿರಬೇಕು, ಕುದುರೆಯ ಪಕ್ಕದ ಪಿಕಪ್ಪಿನ ಸದ್ದು ಮುಂದಿರಬೇಕು, ಬಲಗೈ ಮೆತ್ತಗಿರಬೇಕು. ಜೋರಾಗಿ ಮೀಟಿದಷ್ಟೂ ಅದು ಓಡಿಹೋಗುತ್ತದೆ. ಕರೆಂಟ್ ಹೋದಾಗ ಬೇಸಿನ ಕೊಂಬನ್ನು ಮರದ ಬೀರುವಿಗೋ ಬಾಗಿಲಿಗೋ ಒತ್ತಿ ನುಡಿಸಿ ನೋಡಿ, ಬೀರುವೇ ಆಂಪ್ ಆಗುತ್ತದೆ. ಒಳಗಿನ ಪಾತ್ರೆಗಳೂ ತಾಳ ಹಾಕುತ್ತವೆ. ಬ್ಯಾಟರಿ ಇರುವ ಬೇಸ್ ಆದರೆ ನುಡಿಸಿ ಮುಗಿಸಿದ ಮೇಲೆ ವೈರು ಕಿತ್ತಿಡಿ. ವೈರು ಚುಚ್ಚಿದ್ದರೆ ಬ್ಯಾಟರಿ ಉರಿಯುತ್ತಲೇ ಇರುತ್ತದೆ.

ಪೆಂಡಾಲಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಜನರೇಟರಿಗೆ ಅರ್ಥ್ ಕೊಟ್ಟಿದ್ದಾರೋ ಇಲ್ಲವೋ ಕೇಳಿ. ಕೇಳಿ ಸುಮ್ಮನಾಗದೆ ಟೆಸ್ಟರ್ ಹಿಡಿದು ನೋಡಿ. ಬೇಸಿನ ತಂತಿ ಆಂಪಿನ ಅರ್ಥಿಗೆ ಸೇರಿರುತ್ತದೆ. ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ, ಎರಡೂ ಕಡೆಯ ಅರ್ಥ್ ಬೇರೆ ಬೇರೆ ಆದಾಗ, ನಡುವಿನ ದಾರಿ ನೀವೇ. ನನಗೆ ಒಮ್ಮೆ ತುಟಿ ಹೊಡೆದು ಎರಡು ದಿನ ಊಟಕ್ಕೆ ಕಷ್ಟವಾಗಿತ್ತು. ಮಳೆ ಹನಿ ಬೀಳುವ ಪೆಂಡಾಲಿನಲ್ಲಿ ನುಡಿಸುವುದಿಲ್ಲ ಎಂದು ಹೇಳಿದರೆ ಆಯೋಜಕರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಸ್ಟೇಜಿಗೆ ಯಾವಾಗ? ಆರು ತಿಂಗಳು ಬೇಡ. ಮೊದಲು ಭಜನೆಗೆ ಕೂತು ಬನ್ನಿ, ಅಲ್ಲಿ ತಪ್ಪನ್ನು ಬೈದು ತಿದ್ದುತ್ತಾರೆ, ಆದರೆ ವಿಡಿಯೋ ಮಾಡುವುದಿಲ್ಲ. ಆಮೇಲೆ ರಸಮಂಜರಿಯಲ್ಲಿ ನಿಧಾನ ಹಾಡು ಒಂದೋ ಎರಡೋ. ಬೇಗದ ಹಾಡಿಗೆ ಸದ್ಯ ಕೀಬೋರ್ಡೇ ಇರಲಿ. ಮತ್ತೆ ದಯವಿಟ್ಟು ಪ್ರತಿ ಸ್ವರಕ್ಕೂ ಜಾರಬೇಡಿ. ಮೆಟ್ಟಿಲ್ಲ ಅಂತ ಜಾರುತ್ತಲೇ ಇರುವುದು, ಹೊಸ ಬೈಕ್ ಕೊಂಡವನು ಮನೆ ಮುಂದೆಯೇ ಹಾರ್ನ್ ಹೊಡೆದ ಹಾಗೆ. ಜಾರುವುದಕ್ಕೆ ಹಾಡು ತಾನೇ ಜಾಗ ಕೊಡುತ್ತದೆ, ಆಗ ಒಮ್ಮೆ ಜಾರಿದರೆ ಇಡೀ ಪೆಂಡಾಲು ತಲೆ ಎತ್ತುತ್ತದೆ.

ಬೇಸ್ ಹೊರುವ ಪಟ್ಟಿಯ ಬಗ್ಗೆ ಹಲವರು ಕೇಳಿದ್ದೀರಿ. ಹೌದು, ನನ್ನ ಹೆಗಲ ಪಟ್ಟಿ ಸಂಡೂರಿನ ಲಂಬಾಣಿ ಕಸೂತಿಯದ್ದು. ಕೆಂಪು ನೀಲಿ ದಾರದ ಕೆಲಸ ಗಟ್ಟಿ, ಬೇಸಿನ ನಾಲ್ಕು ಕೆಜಿ ಭಾರವನ್ನು ಹರಿಯದೆ ಹೊರುತ್ತದೆ. ಹೊಲಿಯಲು ಕೊಡುವಾಗ ಒಳಭಾಗಕ್ಕೆ ಕನ್ನಡಿ, ನಾಣ್ಯ ಬೇಡ ಎಂದು ಮೊದಲೇ ಹೇಳಿ. ನಾನು ಹೇಳಲಿಲ್ಲ. ನನ್ನ ಬೇಸಿನ ಬೆನ್ನಿನ ಮೇಲೆ ಈಗ ಹದಿನಾರು ಗೀರುಗಳಿವೆ, ಎಣಿಸಿದ್ದೇನೆ.

ನಮ್ಮ ಮನೆಯ ಮಾಳಿಗೆ ಭಾನುವಾರ ಬೆಳಗ್ಗೆ ಏಳಕ್ಕೆ ತೆರೆದಿರುತ್ತದೆ, ಬಿಸಿಲೇರುವ ಮುಂಚೆ ಬನ್ನಿ. ತಂಬೂರಿ ನಾನು ಹಾಕುತ್ತೇನೆ, ವೈರು ನೀವು ತನ್ನಿ. ಕಂಪ್ಲಿಯವರು ಹಾರ್ಮೋನಿಯಂ ಅಜ್ಜನನ್ನು ಕರೆತರಲು ಸಾಧ್ಯವಾದರೆ ಕರೆತನ್ನಿ, ಬಸ್ ಚಾರ್ಜ್ ನನ್ನದು. ಮತ್ತೆ ಹೋದ ಸಲ ಬಂದಾಗ ನಿಮ್ಮಲ್ಲೊಬ್ಬರು ನನ್ನ ನಾಲ್ಕು ಎಂಎಂ ಅಲೆನ್ ಕೀ ತೆಗೆದುಕೊಂಡು ಹೋಗಿದ್ದೀರಿ. ಬೇಸಿಗೆ ಬರುತ್ತಿದೆ, ಕತ್ತು ಬಾಗಲು ಶುರುವಾಗಿದೆ, ಬರುವಾಗ ಅದನ್ನೂ ತನ್ನಿ.

ಇತಿ ನಿಮ್ಮವನು,
ಹೊಸಪೇಟೆಯ ಒಬ್ಬ ಹಳೆಯ ಎಡಗೈ